ದಂಡ ಕಟ್ಟೋದು ಸುಲಭ, ಕೊಂಡವಾಡ ಕಷ್ಟ

ದೊಡ್ಡ ಕಂಪನಿಯೊಂದು ಜನರ ಖಾಸಗಿ ಮಾಹಿತಿ ದುರ್ಬಳಕೆ ಮಾಡಿ ಸಿಕ್ಕಿಬಿದ್ದಾಗ ಬರೋ ಸುದ್ದಿಗೆ ಒಂದು ಅಚ್ಚು ಇದೆ. ಮೊದಲು ಮೊತ್ತ, ಆಮೇಲೆ ಕಂಪನಿ ಹೆಸರು, ಕೊನೆಗೆ ‘ಮೇಲ್ಮನವಿ ಸಲ್ಲಿಸುವುದಾಗಿ ಕಂಪನಿ ತಿಳಿಸಿದೆ’ ಅನ್ನೋ ಸಾಲು. ನಾವು ಮೊತ್ತ ನೋಡ್ತೀವಿ. ಕೋಟಿ ಅಂತ ಇದ್ರೆ ‘ಸರಿಯಾಗಿ ಬಿತ್ತು ನೋಡು’ ಅಂತ ಆಫೀಸ್ ಗ್ರೂಪಿಗೆ ಫಾರ್ವರ್ಡ್ ಮಾಡ್ತೀವಿ. ಹಾಗೆ ಫಾರ್ವರ್ಡ್ ಮಾಡೋದೂ ದಂಡ ಹಾಕಿಸಿಕೊಂಡ ಕಂಪನಿಯ ಆ್ಯಪ್‌ನಲ್ಲೇ. ಮಾರನೇ ದಿನವೂ ಅದೇ ಆ್ಯಪ್, ಅದೇ ‘ಐ ಅಗ್ರೀ’ ಬಟನ್.

ದಂಡ ಹಾಕೋದ್ರಿಂದ ದೊಡ್ಡ ಕಂಪನಿಗಳು ಹೆದರುತ್ತವಾ? ಇದನ್ನ ಬ್ರಸೆಲ್ಸ್, ಕ್ಯಾಲಿಫೋರ್ನಿಯಾ ಉದಾಹರಣೆಗಳಿಂದಲೇ ಶುರು ಮಾಡೋದು ರೂಢಿ. ಅಲ್ಲಿಗೆ ಆಮೇಲೆ ಹೋಗೋಣ. ಮೊದಲು ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಂಥ ಒಂದು ಊರಲ್ಲಿ ನಿಂತು ಇದೇ ಪ್ರಶ್ನೆ ಕೇಳೋಣ. ಯಾಕಂದ್ರೆ ಈ ದೇಶದಲ್ಲಿ ಮಾಹಿತಿ ದುರ್ಬಳಕೆಯ ಅತಿ ಸ್ಪಷ್ಟ ಪ್ರಕರಣ ನಡೆದದ್ದು ಇಂಥ ಊರುಗಳ ಮೊಬೈಲ್ ರೀಚಾರ್ಜ್ ಅಂಗಡಿಗಳಲ್ಲಿ. ಅದರಲ್ಲಿ ಕಳೆದದ್ದು ‘ಪ್ರೈವೆಸಿ’ ಅನ್ನೋ ಕಣ್ಣಿಗೆ ಕಾಣದ ವಸ್ತು ಅಲ್ಲ, ಗ್ಯಾಸ್ ಸಿಲಿಂಡರಿನ ಸಬ್ಸಿಡಿ.

2017 ನೆನಪು ಮಾಡಿಕೊಳ್ಳಿ. ಆ ವರ್ಷ ಮಾರ್ಚ್‌ನಲ್ಲಿ ಟೆಲಿಕಾಂ ಇಲಾಖೆ ಎಲ್ಲ ಮೊಬೈಲ್ ನಂಬರ್‌ಗಳನ್ನೂ ಆಧಾರ್ ಮೂಲಕ ಮರುಪರಿಶೀಲನೆ ಮಾಡಿ ಅಂತ ಹೇಳಿತು. ಜನ ಅಂಗಡಿ ಮುಂದೆ ಸಾಲುಗಟ್ಟಿದ್ರು. ಹೆಬ್ಬೆಟ್ಟು ಒತ್ತು, ಸಿಮ್ ಉಳಿಸಿಕೋ. ಅದೇ ವರ್ಷ ಜನವರಿಯಲ್ಲಿ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕ್ ದೇಶಾದ್ಯಂತ ಕೆಲಸ ಶುರು ಮಾಡಿತ್ತು. ದೂರು ಬಂದದ್ದು ಇಷ್ಟು: ಸಿಮ್ ಪರಿಶೀಲನೆಗೆ ಅಂತ ಕೊಟ್ಟ ಹೆಬ್ಬೆಟ್ಟಿನ ಜೊತೆಗೇ, ಗ್ರಾಹಕರಿಗೆ ಸರಿಯಾಗಿ ತಿಳಿಸದೆ, ಅವರ ಹೆಸರಲ್ಲಿ ಈ ಬ್ಯಾಂಕಿನ ಖಾತೆಗಳೂ ತೆರೆದುಕೊಂಡಿವೆ. ಗ್ರಾಹಕರ ಒಪ್ಪಿಗೆ ಪಡೆದೇ ಮಾಡಿದ್ದೇವೆ ಅನ್ನೋದು ಕಂಪನಿಯ ನಿಲುವಾಗಿತ್ತು.

ಖಾತೆ ತೆರೆದ್ರೆ ಏನಾಯ್ತು ಅಂತೀರಾ? ಅಸಲಿ ತೊಂದರೆ ಇದ್ದದ್ದು ಹಿಂದಿನ ವ್ಯವಸ್ಥೆಯಲ್ಲಿ. ಸಬ್ಸಿಡಿ ಹಣ ಹೋಗೋದು ಬ್ಯಾಂಕ್ ಖಾತೆ ನಂಬರ್ ನೋಡಿ ಅಲ್ಲ, ಆಧಾರ್ ನಂಬರ್ ನೋಡಿ. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಅನ್ನೋ ಪಟ್ಟಿ ಎನ್‌ಪಿಸಿಐ ಹತ್ತಿರ ಇರುತ್ತೆ. ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆ ಆಯ್ತೋ ಹಣ ಅಲ್ಲಿಗೆ. ಹಿರೇವಡ್ಡಟ್ಟಿಯಂಥ ಊರಿನ ಒಬ್ಬ ಹೆಣ್ಣುಮಗಳ ಸಬ್ಸಿಡಿ ವರ್ಷಗಟ್ಟಲೆ ಹಳೇ ಬ್ಯಾಂಕಿನ ಪಾಸ್‌ಬುಕ್ಕಿಗೆ ಬರ್ತಾ ಇದ್ದದ್ದು ಒಂದಿನ ನಿಂತುಹೋಯ್ತು ಅಂದುಕೊಳ್ಳಿ. ಆಕೆ ಬ್ಯಾಂಕಿಗೆ ಹೋಗ್ತಾಳೆ, ‘ನಮ್ಮಲ್ಲಿ ಬಂದಿಲ್ಲ’ ಅಂತಾರೆ. ಗ್ಯಾಸ್ ಏಜೆನ್ಸಿಗೆ ಹೋಗ್ತಾಳೆ, ‘ನಾವು ಹಾಕಿದೀವಿ’ ಅಂತಾರೆ. ಇಬ್ಬರೂ ನಿಜ ಹೇಳ್ತಿದಾರೆ. ಹಣ ಇರೋದು ಆಕೆ ಹೆಸರು ಕೇಳದ ಮೂರನೇ ಬ್ಯಾಂಕಿನಲ್ಲಿ, ಆಕೆಗೇ ಗೊತ್ತಿಲ್ಲದ ಆಕೆಯ ಖಾತೆಯಲ್ಲಿ. ಒಂದು ತಿರುಗಾಟಕ್ಕೆ ಬಸ್ ಚಾರ್ಜು, ಜೊತೆಗೆ ಒಂದು ದಿನದ ಕೂಲಿ. ನೂರಿನ್ನೂರು ರೂಪಾಯಿ ಸಬ್ಸಿಡಿ ಹುಡುಕೋಕೆ ಅಷ್ಟೇ ಖರ್ಚು.

ಆಗ ಪತ್ರಿಕೆಗಳು ಕೊಟ್ಟ ಲೆಕ್ಕದ ಪ್ರಕಾರ ಹೀಗೆ ದಾರಿ ತಪ್ಪಿದ್ದು 30 ಲಕ್ಷಕ್ಕೂ ಹೆಚ್ಚು ಗ್ರಾಹಕರ ಸುಮಾರು 190 ಕೋಟಿ ರೂಪಾಯಿ. ಇನ್ನೊಂದು ವಿಷಯ ನೋಡಿ. ಅದೇ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತ್ತು. ಆ ಕೇಸಿನ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕು ಆಗಸ್ಟಲ್ಲಿ ಬಂತು. ಅದೇ ವರ್ಷ ಮುಗಿಯೋದರೊಳಗೆ ಹೆಬ್ಬೆಟ್ಟಿನ ದೂರುಗಳ ರಾಶಿ ಎದುರಿಗಿತ್ತು.

ಈಗ ಶಿಕ್ಷೆಯ ಭಾಗ. ಇಲ್ಲಿ ಎರಡು ಬೇರೆ ಬೇರೆ ಕ್ರಮ ನಡೆದವು. ನಾವು ಸಾಮಾನ್ಯವಾಗಿ ಇವೆರಡನ್ನೂ ಒಂದೇ ಅಂತ ಗೊಂದಲ ಮಾಡಿಕೊಳ್ತೀವಿ.

ಮೊದಲನೆಯದು ದಂಡ. ಆಧಾರ್ ಪ್ರಾಧಿಕಾರ, ಅಂದ್ರೆ ಯುಐಡಿಎಐ, 2.5 ಕೋಟಿ ಮಧ್ಯಂತರ ದಂಡ ಕಟ್ಟಿಸಿಕೊಂಡಿತು. 2018ರ ಮಾರ್ಚ್‌ನಲ್ಲಿ ಆರ್‌ಬಿಐ 5 ಕೋಟಿ ದಂಡ ಹಾಕಿತು. ಆ ಹಣಕಾಸು ವರ್ಷ ಭಾರ್ತಿ ಏರ್‌ಟೆಲ್ ಸಮೂಹದ ಆದಾಯ 80 ಸಾವಿರ ಕೋಟಿಗೂ ಜಾಸ್ತಿ. ಬ್ಯಾಂಕ್ ಹೊಸದು, ಚಿಕ್ಕದು, ನಿಜ. ಆದರೆ ಸಮೂಹದ ಲೆಕ್ಕದಲ್ಲಿ 5 ಕೋಟಿ ಅಂದ್ರೆ ಅರ್ಧ ಗಂಟೆಯ ಆದಾಯ. ಇನ್ನೊಂದು ರೀತಿ ಭಾಗಿಸಿ: 30 ಲಕ್ಷ ಜನಕ್ಕೆ ಹಂಚಿದ್ರೆ ತಲೆಗೆ ಹದಿನಾರು-ಹದಿನೇಳು ರೂಪಾಯಿ. ಹಂಚಲಿಲ್ಲ ಅನ್ನೋದು ಬೇರೆ ಮಾತು. ದಂಡದ ದುಡ್ಡು ಮೋಸ ಹೋದವರ ಕೈಗೆ ಬರೋದಿಲ್ಲ.

ಎರಡನೆಯದು ಬಾಗಿಲು ಹಾಕಿದ್ದು. 2017ರ ಡಿಸೆಂಬರ್ ಮಧ್ಯದಲ್ಲಿ ಯುಐಡಿಎಐ ಏರ್‌ಟೆಲ್ ಮತ್ತು ಅದರ ಪೇಮೆಂಟ್ಸ್ ಬ್ಯಾಂಕ್ ಎರಡಕ್ಕೂ ಆಧಾರ್ ಇ-ಕೆವೈಸಿ ಬಳಸೋ ಪರವಾನಗಿಯನ್ನ ತಾತ್ಕಾಲಿಕವಾಗಿ ರದ್ದು ಮಾಡಿತು. ಅಂದ್ರೆ ಹೆಬ್ಬೆಟ್ಟಿನ ಮೇಲೆ ಸಿಮ್ ಮಾರೋಕಾಗಲ್ಲ, ಖಾತೆ ತೆರೆಯೋಕಾಗಲ್ಲ. ದೇಶದ ಅತಿ ದೊಡ್ಡ ಟೆಲಿಕಾಂ ಕಂಪನಿಗಳಲ್ಲೊಂದಕ್ಕೆ ಇದು ಉಸಿರು ಹಿಡಿದಂತೆ. ಆಮೇಲೆ ಎಲ್ಲ ದಿನಗಳ ಲೆಕ್ಕದಲ್ಲಿ ನಡೀತು. ಸಬ್ಸಿಡಿ ಹಣ ಬಡ್ಡಿ ಸಮೇತ ಹಳೇ ಖಾತೆಗಳಿಗೆ ವಾಪಸ್ ಕೊಡೋದಾಗಿ ಕಂಪನಿ ಒಪ್ಪಿತು. ಅದೇ ತಿಂಗಳು ಬ್ಯಾಂಕಿನ ಮುಖ್ಯಸ್ಥರ ರಾಜೀನಾಮೆ ಬಂತು. ಟೆಲಿಕಾಂ ಕಡೆಗೆ ಕೆಲವೇ ದಿನಗಳಲ್ಲಿ ಷರತ್ತಿನ ಮೇಲೆ ಅನುಮತಿ ಸಿಕ್ತು. ಬ್ಯಾಂಕಿಗೆ ಹೊಸ ಗ್ರಾಹಕರನ್ನ ಸೇರಿಸಿಕೊಳ್ಳೋಕೆ ಹಸಿರು ನಿಶಾನೆ ಸಿಕ್ಕಿದ್ದು 2018ರ ಜುಲೈ ಹೊತ್ತಿಗೆ. ಹಳೇ ಖಾತೆ ಬದಲಿಸೋ ಮೊದಲು ಗ್ರಾಹಕರ ಸ್ಪಷ್ಟ ಒಪ್ಪಿಗೆ ಬೇಕು ಅನ್ನೋ ನಿಯಮವೂ ಬಿಗಿಯಾಯ್ತು.

ದಿನಾಂಕಗಳ ಕ್ರಮ ಗಮನಿಸಿ. ಹಣ ವಾಪಸ್ ಕೊಡೋಕೆ ಒಪ್ಪಿದ್ದು ಡಿಸೆಂಬರಲ್ಲಿ. ಆರ್‌ಬಿಐ ದಂಡ ಬಂದದ್ದು ಮಾರ್ಚ್‌ನಲ್ಲಿ. ದಂಡ ಬರೋ ಹೊತ್ತಿಗೆ ಕೆಲಸ ಆಗಿಹೋಗಿತ್ತು.

ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ಕೊಂಡವಾಡ’ ಅನ್ನೋ ಒಂದು ವ್ಯವಸ್ಥೆ ಇತ್ತು. ಮೈಸೂರು ಕಡೆಯವರು ದೊಡ್ಡಿ ಅಂತಾರೆ. ಯಾರದೋ ದನ ಇನ್ನೊಬ್ಬರ ಹೊಲಕ್ಕೆ ನುಗ್ಗಿ ಕಡಲೆಯೋ ಜೋಳವೋ ಮೇದರೆ, ಹೊಲದವನು ದನವನ್ನ ಹೊಡ್ಕೊಂಡು ಹೋಗಿ ಕೊಂಡವಾಡದಲ್ಲಿ ಕೂಡಿ ಹಾಕಿಸ್ತಿದ್ದ. ಬ್ರಿಟಿಷರ ಕಾಲದ 1871ರ ಕಾನೂನೇ ಇದಕ್ಕಿತ್ತು, ಕರ್ನಾಟಕ 1966ರಲ್ಲಿ ತನ್ನದೇ ಕಾಯ್ದೆ ಮಾಡಿಕೊಳ್ತು. ದನದ ಮಾಲೀಕ ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಳ್ಳಬೇಕು. ಬರದಿದ್ರೆ ದನ ಹರಾಜು.

ಬರೀ ದಂಡ ಮಾತ್ರ ಇದ್ದಿದ್ರೆ ಊರಿನ ಸಾಹುಕಾರ ಏನು ಮಾಡ್ತಿದ್ದ? ಲೆಕ್ಕ ಹಾಕ್ತಿದ್ದ. ಮೇವು ಕೊಳ್ಳೋ ಖರ್ಚಿಗಿಂತ ದಂಡ ಕಮ್ಮಿ ಅಂದ್ರೆ ದನವನ್ನ ದಿನಾ ಪಕ್ಕದ ಹೊಲಕ್ಕೇ ಬಿಡ್ತಿದ್ದ. ಆತನಿಗೆ ಅದು ದಂಡ ಅಲ್ಲ, ಮೇವಿನ ರೇಟು. ಕೊಂಡವಾಡದ ಬಿಸಿ ಇದ್ದದ್ದು ಬೇರೆ ಕಡೆ. ಬಿತ್ತನೆ ಟೈಮಲ್ಲಿ ಎತ್ತು ಒಳಗೆ ಕೂತರೆ ಹೊಲ ನಿಲ್ಲುತ್ತೆ. ಕರೆಯೋ ಎಮ್ಮೆ ಒಳಗಿದ್ರೆ ಹಾಲು ಹೋಯ್ತು. ಜೊತೆಗೆ ಊರೆಲ್ಲ ನೋಡುತ್ತೆ. ಕೊಂಡವಾಡಕ್ಕೂ ಒಂದು ಕೊರತೆ ಇತ್ತು: ಕಟ್ಟಿದ ದಂಡ ಬೆಳೆ ಕಳಕೊಂಡವನಿಗೆ ಬರ್ತಿರಲಿಲ್ಲ. ಅದಕ್ಕೆ ಹಿರಿಯರು ಕೂತು ನಷ್ಟದ ಮಾತು ಬೇರೆ ಆಡಬೇಕಾಗ್ತಿತ್ತು. ಆದರೂ ಮೇದ ದನವನ್ನೇ ಹಿಡೀಬೇಕು ಅನ್ನೋ ಸರಳ ಬುದ್ಧಿ ಆ ಕಾನೂನಿಗಿತ್ತು. ಯುಐಡಿಎಐ ಆ ಡಿಸೆಂಬರಲ್ಲಿ ಮಾಡಿದ್ದು ಅದನ್ನೇ.

ದಂಡ ರೇಟ್ ಆಗಿಬಿಡುತ್ತೆ ಅನ್ನೋದಕ್ಕೆ ಒಂದು ಪ್ರಸಿದ್ಧ ಅಧ್ಯಯನವೂ ಇದೆ. ಇಸ್ರೇಲಿನ ಹೈಫಾದಲ್ಲಿ ಮಕ್ಕಳನ್ನ ಡೇ-ಕೇರ್‌ನಿಂದ ತಡವಾಗಿ ಕರಕೊಂಡು ಹೋಗೋ ಅಪ್ಪ-ಅಮ್ಮಂದಿರಿಗೆ ಸಣ್ಣ ದಂಡ ಹಾಕಿ ನೋಡಿದರು. ತಡ ಮಾಡೋರು ಕಮ್ಮಿ ಆಗಲಿಲ್ಲ, ಹೆಚ್ಚುಕಮ್ಮಿ ದುಪ್ಪಟ್ಟಾದರು. ಮೊದಲು ಟೀಚರ್ ಮುಖ ನೋಡೋಕೆ ನಾಚಿಕೆ ಆಗ್ತಿತ್ತು. ಈಗ ದುಡ್ಡು ಕೊಡ್ತೀವಲ್ಲ ಅನ್ನೋ ಸಮಾಧಾನ. ಗ್ನೀಜಿ ಮತ್ತು ರುಸ್ಟಿಚಿನಿ ಎಂಬಿಬ್ಬರು 2000ದಲ್ಲಿ ಇದನ್ನ ಪ್ರಕಟಿಸಿದರು. ದಂಡ ತೆಗೆದ ಮೇಲೂ ತಡ ಮಾಡೋ ಚಾಳಿ ಇಳೀಲಿಲ್ಲ. ಕಂಪನಿ ಮತ್ತು ಪೋಷಕರು ಒಂದೇ ಅಲ್ಲ. ಆದರೆ ನಾಚಿಕೆ ಜಾಗಕ್ಕೆ ಬಿಲ್ ಬಂದಾಗ ಏನಾಗುತ್ತೆ ಅನ್ನೋದು ಎರಡೂ ಕಡೆ ಒಂದೇ.

ಈಗ ದೊಡ್ಡ ಆನೆಗಳ ಹತ್ತಿರ ಬರೋಣ. 2021ರಲ್ಲಿ ವಾಟ್ಸ್‌ಆ್ಯಪ್ ಹೊಸ ಪ್ರೈವೆಸಿ ಪಾಲಿಸಿ ತಂದದ್ದು ನೆನಪಿದೆಯಲ್ಲ? ‘ಒಪ್ಪಿ, ಇಲ್ಲಾ ಬಿಡಿ’ ಅನ್ನೋ ಧಾಟಿ. ಎರಡು ವಾರ ಎಲ್ಲರೂ ಸಿಗ್ನಲ್ ಆ್ಯಪ್ ಹಾಕ್ಕೊಂಡ್ವಿ, ಆಮೇಲೆ ಅಮ್ಮ ಅಲ್ಲಿಲ್ಲ ಅಂತ ವಾಪಸ್ ಬಂದ್ವಿ. 2024ರ ನವೆಂಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ವಿಷಯಕ್ಕೆ ಮೆಟಾ ಮೇಲೆ 213.14 ಕೋಟಿ ದಂಡ ಹಾಕಿತು. ಖಾಸಗಿತನದ ಕಾನೂನಿನಡಿ ಅಲ್ಲ, ಮಾರುಕಟ್ಟೆಯ ಪ್ರಾಬಲ್ಯದ ದುರುಪಯೋಗ ಅಂತ.

ಮೆಟಾದ 2024ರ ಆದಾಯ ಸುಮಾರು 164.5 ಶತಕೋಟಿ ಡಾಲರ್. ಗಂಟೆಗೆ ಭಾಗಿಸಿದ್ರೆ 213 ಕೋಟಿ ರೂಪಾಯಿ ಅಂದ್ರೆ ಒಂದೂವರೆ ಗಂಟೆಗೂ ಕಮ್ಮಿ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟೋ ಟೈಮು. ಭಾರತದಲ್ಲಿ ವಾಟ್ಸ್‌ಆ್ಯಪ್ ಬಳಸೋರು 50 ಕೋಟಿ ಆಸುಪಾಸು ಅಂತಾರೆ. ತಲೆಗೆ ನಾಲ್ಕೂಕಾಲು ರೂಪಾಯಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅನ್ನೋ ಗಾದೆ ಉಲ್ಟಾ ಆದಂಗೆ. ಇಲ್ಲಿ ಆನೆಯಿಂದಲೇ ಅರೆಕಾಸು ಕಿತ್ಕೊಂಡು ನಾವು ಗೆದ್ವಿ ಅಂತಿದೀವಿ.

ಆ ಆದೇಶದಲ್ಲಿ ಇನ್ನೊಂದು ಅಂಶ ಇತ್ತು. ಜಾಹೀರಾತಿಗಾಗಿ ವಾಟ್ಸ್‌ಆ್ಯಪ್ ಬಳಕೆದಾರರ ಮಾಹಿತಿಯನ್ನ ಮೆಟಾದ ಬೇರೆ ಕಂಪನಿಗಳ ಜೊತೆ ಐದು ವರ್ಷ ಹಂಚಿಕೊಳ್ಳಬಾರದು. ಇದು ಕೊಂಡವಾಡ. ಜಗಳದ ಬಿಸಿ ಇದ್ದದ್ದು ಇಲ್ಲಿ. 2025ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಈ ನಿಷೇಧಕ್ಕೆ ತಡೆ ಕೊಟ್ಟಿತು. ನಿಷೇಧದಿಂದ ವಾಟ್ಸ್‌ಆ್ಯಪ್‌ನ ವ್ಯವಹಾರ ಮಾದರಿಯೇ ಕುಸಿಯಬಹುದು ಅನ್ನೋ ಮಾತು ಆ ಆದೇಶದಲ್ಲೇ ಇತ್ತು. ಇದನ್ನ ಎರಡು ಸಲ ಓದಿಕೊಳ್ಳಿ. 213 ಕೋಟಿ ಕಟ್ಟಿದ್ರೆ ಯಾವ ಮಾದರಿಯೂ ಕುಸಿಯಲ್ಲ. ಮಾಹಿತಿ ಹರಿಯೋದು ನಿಂತ್ರೆ ಕುಸಿಯುತ್ತೆ. 2025ರ ನವೆಂಬರ್ 4ರ ತೀರ್ಪಲ್ಲಿ ದಂಡ ಉಳೀತು, ಐದು ವರ್ಷದ ನಿಷೇಧ ಹೋಯ್ತು. ಬಳಕೆದಾರರಿಗೆ ಸ್ಪಷ್ಟ ಮಾಹಿತಿ, ಆಯ್ಕೆ ಕೊಡಬೇಕು ಅನ್ನೋ ಷರತ್ತುಗಳು ಉಳಿದವು ಅನ್ನೋದು ಸಮಾಧಾನ. ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಗಿದೆ. ಆದರೆ ಪತ್ರಿಕೆಗಳ ತಲೆಬರಹದಲ್ಲಿ ಉಳಿದದ್ದು ಮಾತ್ರ ಮೊತ್ತ.

ಮೊತ್ತ ದೊಡ್ಡದಾಗಿದ್ರೆ? 2019ರ ಜುಲೈನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ಹಾಕಿತು. ಕೇಂಬ್ರಿಜ್ ಅನಲಿಟಿಕಾ ಹಗರಣದ ಹಿನ್ನೆಲೆ. ಆ ಹೊತ್ತಿಗೆ ಖಾಸಗಿತನದ ವಿಷಯದಲ್ಲಿ ಪ್ರಪಂಚದಲ್ಲೇ ಅತಿ ದೊಡ್ಡ ದಂಡ. ಆ ಮೊತ್ತದ ಸುದ್ದಿ ಹೊರಬಿದ್ದ ದಿನ ಫೇಸ್‌ಬುಕ್ ಷೇರು ಬಿತ್ತಾ? ಏರಿತು. ಇಷ್ಟಕ್ಕೇ ಮುಗೀತಲ್ಲ ಅಂತ ಹೂಡಿಕೆದಾರರು ನಿಟ್ಟುಸಿರು ಬಿಟ್ಟಂಗಿತ್ತು. ದಂಡದಲ್ಲಿ ಹೆದರಿಸೋ ಭಾಗ ಅನಿಶ್ಚಿತತೆ. ಮೊತ್ತ ಗೊತ್ತಾದ ಕೂಡಲೇ ಅದು ಒಂದು ಖರ್ಚು, ಆ ತ್ರೈಮಾಸಿಕದ ಲೆಕ್ಕದಲ್ಲಿ ಒಂದು ಸಾಲು.

ಇದಕ್ಕೆ ವಿರುದ್ಧ ಚಿತ್ರವೂ ನಮ್ಮ ದೇಶದ್ದೇ ಇದೆ. ಪೇಟಿಎಂ ಪೇಮೆಂಟ್ಸ್ ಬ್ಯಾಂಕಿಗೆ ಆರ್‌ಬಿಐ 2023ರ ಅಕ್ಟೋಬರ್‌ನಲ್ಲಿ ಕೆವೈಸಿ ಸೇರಿದಂತೆ ಕೆಲವು ನಿಯಮ ಮುರಿದದ್ದಕ್ಕೆ 5.39 ಕೋಟಿ ದಂಡ ಹಾಕಿತ್ತು. ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? 2024ರ ಜನವರಿ 31ಕ್ಕೆ ಅದೇ ಆರ್‌ಬಿಐ ಹೊಸ ಠೇವಣಿ, ವ್ಯಾಲೆಟ್ ತುಂಬಿಸೋದು ಎಲ್ಲ ನಿಲ್ಲಿಸಿ ಅಂದಾಗ ಎರಡು ದಿನದಲ್ಲಿ ಷೇರು ಶೇ 40ರ ಹತ್ತಿರ ಕುಸೀತು. ಇದು ಎಲ್ಲರಿಗೂ ನೆನಪಿದೆ. ಇದು ನೇರವಾಗಿ ಮಾಹಿತಿ ಮಾರಿಕೊಂಡ ಕೇಸ್ ಅಲ್ಲ, ಆದ್ರೆ ಒಂದೇ ಸಂಸ್ಥೆಗೆ ಎರಡು ಬಗೆಯ ಶಿಕ್ಷೆ ಹೇಗೆ ತಟ್ಟುತ್ತೆ ಅನ್ನೋದಕ್ಕೆ ಸಾಕ್ಷಿ.

ಇಷ್ಟು ಗೊತ್ತಿದ್ದೂ ನಮ್ಮ ಹೊಸ ಕಾನೂನು ಯಾವ ದಾರಿ ಹಿಡಿದಿದೆ ನೋಡಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ಕಂಪನಿಗಳ ಹೊಣೆಗಾರಿಕೆಯ ಮುಖ್ಯ ಭಾಗಗಳು ಜಾರಿಗೆ ಬರೋಕೆ ನಿಯಮ ಬಂದಲ್ಲಿಂದ 18 ತಿಂಗಳು. ಸುದ್ದಿಯಲ್ಲಿ ಬಂದದ್ದು ‘250 ಕೋಟಿವರೆಗೆ ದಂಡ’ ಅನ್ನೋ ಒಂದೇ ಸಂಖ್ಯೆ. ಕಾಯ್ದೆಯ ಕೊನೆಗಿರೋ ಅನುಸೂಚಿಯನ್ನ ಯಾರೂ ಓದೋ ಹಾಗೆ ಕಾಣಲ್ಲ. ಒಂದು ಪುಟ ಅಷ್ಟೇ, ಏಳು ಸಾಲು. ಓದಿದ್ರೆ ಬೆಚ್ಚಿಬೀಳ್ತೀರಿ.

250 ಕೋಟಿ ಯಾವುದಕ್ಕೆ? ಮಾಹಿತಿ ಸೋರಿಕೆ ತಡೆಯೋಕೆ ಭದ್ರತೆ ಇಡದಿದ್ರೆ. ಸೋರಿದ್ದನ್ನ ತಿಳಿಸದಿದ್ರೆ 200 ಕೋಟಿವರೆಗೆ. ಮಕ್ಕಳ ಮಾಹಿತಿ ವಿಷಯದಲ್ಲಿ ತಪ್ಪಿದ್ರೆ 200 ಕೋಟಿವರೆಗೆ. ಸರಿ, ಒಪ್ಪಿಗೆ ಇಲ್ಲದೆ ಮಾಹಿತಿ ಬಳಸಿದ್ರೆ? ಸಿಮ್‌ಗೆ ಅಂತ ತಗೊಂಡು ಬ್ಯಾಂಕ್ ಖಾತೆಗೆ ಬಳಸಿದ್ರೆ? ಅದಕ್ಕೆ ಪ್ರತ್ಯೇಕ ಸಾಲೇ ಇಲ್ಲ. ‘ಈ ಕಾಯ್ದೆಯ ಇತರ ಯಾವುದೇ ಉಲ್ಲಂಘನೆ’ ಅನ್ನೋ ಕೊನೆಯ ಬುಟ್ಟಿಗೆ ಬೀಳುತ್ತೆ. ಗರಿಷ್ಠ 50 ಕೋಟಿ. ಅಂದ್ರೆ ಕಳ್ಳರು ಬಂದು ನಮ್ಮ ಮಾಹಿತಿ ಕದ್ದರೆ ಕಂಪನಿಗೆ 250 ಕೋಟಿವರೆಗೆ ಭಯ. ಕಂಪನಿಯೇ ಬೇಕಂತ ದುರ್ಬಳಕೆ ಮಾಡಿದ್ರೆ ಅದರ ಐದನೇ ಒಂದು ಭಾಗ. ಬೇಲಿ ಮುರಿದಿದ್ದಕ್ಕೆ ಬೆಲೆ ಜಾಸ್ತಿ, ಬೇಲಿಯೇ ಎದ್ದು ಹೊಲ ಮೇದದ್ದಕ್ಕೆ ಕಮ್ಮಿ. ಇದಕ್ಕಿಂತ ನೇರವಾಗಿ ಕಾನೂನು ತನ್ನ ಆದ್ಯತೆ ಹೇಳಿಕೊಳ್ಳೋದು ಅಪರೂಪ.

2018ರ ಶ್ರೀಕೃಷ್ಣ ಸಮಿತಿ ಕರಡಿನಲ್ಲೂ 2019ರ ಮಸೂದೆಯಲ್ಲೂ ಹೀಗಿರಲಿಲ್ಲ. ಗಂಭೀರ ಉಲ್ಲಂಘನೆಗೆ 15 ಕೋಟಿ ಅಥವಾ ಕಂಪನಿಯ ಜಾಗತಿಕ ವಹಿವಾಟಿನ ಶೇ 4, ಯಾವುದು ಹೆಚ್ಚೋ ಅದು. ಆನೆಗೆ ಆನೆಯ ಲೆಕ್ಕ, ಇರುವೆಗೆ ಇರುವೆಯ ಲೆಕ್ಕ. ಯುರೋಪಿನ ಕಾನೂನಿನ ಗರಿಷ್ಠ ಮಿತಿಯೂ ಹಾಗೇ. 2023ಕ್ಕೆ ಬರೋ ಹೊತ್ತಿಗೆ ಶೇಕಡಾವಾರು ಹೋಗಿ ನಿಗದಿತ ಮಿತಿ ಬಂತು. ಕೋರಮಂಗಲದ ಒಂದು ಸ್ಟಾರ್ಟಪ್‌ಗೆ 50 ಕೋಟಿ ಅಂದ್ರೆ ಮುಚ್ಚಿಕೊಂಡು ಹೋಗೋ ಮೊತ್ತ. ಮೆಟಾಗೆ ಅದು ಅರ್ಧ ಗಂಟೆಯೂ ಅಲ್ಲ. ಕಾಯ್ದೆಯ 33ನೇ ಕಲಂ ದಂಡ ನಿರ್ಧರಿಸೋವಾಗ ಕಂಪನಿಗೆ ಬಂದ ಲಾಭ ಎಷ್ಟು, ಮತ್ತೆ ತಪ್ಪು ಮಾಡದ ಹಾಗೆ ಈ ದಂಡ ತಡೆಯುತ್ತಾ ಅಂತ ನೋಡಬೇಕು ಅನ್ನುತ್ತೆ. ಒಳ್ಳೇ ಮಾತು. ಆದರೆ ಲಾಭ 500 ಕೋಟಿ ಇದ್ದು ಮಿತಿ 50 ಕೋಟಿ ಇದ್ರೆ ನೋಡಿ ಏನು ಮಾಡೋದು?

ದುಡ್ಡು ಎಲ್ಲಿಗೆ ಹೋಗುತ್ತೆ? 34ನೇ ಕಲಂ ಪ್ರಕಾರ ಭಾರತದ ಸಂಚಿತ ನಿಧಿಗೆ. ನಷ್ಟ ಆದವರಿಗೆ ಪರಿಹಾರ ಕೊಡೋ ಕಲಂ ಹಿಂದಿನ ಕರಡುಗಳಲ್ಲಿತ್ತು, ಇದರಲ್ಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ಕಂಪನಿಯ ನಿರ್ಲಕ್ಷ್ಯದಿಂದ ನಷ್ಟವಾದವರಿಗೆ ಪರಿಹಾರ ಕೇಳೋ ದಾರಿ ಕೊಟ್ಟಿತ್ತು. ಹೊಸ ಕಾಯ್ದೆ ಪೂರ್ತಿ ಜಾರಿಗೆ ಬಂದಾಗ ಆ ಕಲಮೂ ಹೋಗುತ್ತೆ. ಸಿವಿಲ್ ಕೋರ್ಟ್ ಬಾಗಿಲೂ ಮುಚ್ಚಿದೆ, ದತ್ತಾಂಶ ಸಂರಕ್ಷಣಾ ಮಂಡಳಿಗೇ ಹೋಗಬೇಕು. ಅದಕ್ಕೂ ಮೊದಲು ಕಂಪನಿಯ ದೂರು ವಿಭಾಗಕ್ಕೆ ಹೋಗಿ ಬಂದಿರಬೇಕು. ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟರೆ ದೂರುದಾರರಿಗೇ ಹತ್ತು ಸಾವಿರ ರೂಪಾಯಿವರೆಗೆ ದಂಡ!

ಈಗ ಹಿರೇವಡ್ಡಟ್ಟಿಯ ಆ ಹೆಣ್ಣುಮಗಳನ್ನ ಮತ್ತೆ ನೆನೆಸಿಕೊಳ್ಳಿ. 2017ರಂಥದ್ದೇ ಮತ್ತೆ ನಡೆದರೆ, ಈ ಕಾಯ್ದೆಯಡಿ ಆಕೆ ಆ್ಯಪ್‌ನ ಒಳಗೆಲ್ಲೋ ಇರೋ ದೂರಿನ ಕೊಂಡಿ ಹುಡುಕಬೇಕು, ಕಾಯಬೇಕು, ಆಮೇಲೆ ಆನ್‌ಲೈನ್ ಮಂಡಳಿಗೆ ಹೋಗಬೇಕು. ಗೆದ್ದರೆ ಆಕೆಗೆ ಸಿಗೋ ಪರಿಹಾರ ಸೊನ್ನೆ. ಮಂಡಳಿಗೆ ದೂರು ಕ್ಷುಲ್ಲಕ ಅನ್ನಿಸಿದ್ರೆ ಆಕೆಯ ಕೈಯಿಂದಲೇ ಹತ್ತು ಸಾವಿರವರೆಗೆ. ಕಂಪನಿಗೆ ಹತ್ತು ಸಾವಿರ ಅಂದ್ರೆ ಒಂದು ಮೀಟಿಂಗಿನ ಕಾಫಿ ಬಿಲ್ಲು. ಆಕೆಗೆ ಒಂದು ಹಂಗಾಮಿನ ಕೂಲಿ. ದಂಡ ಯಾರನ್ನಾದರೂ ಹೆದರಿಸಿದ್ರೆ ಮೊದಲು ಹೆದರಿಸೋದು ಆಕೆಯನ್ನ.

‘ಹಾಗಾದ್ರೆ ದಂಡವೇ ಬೇಡ ಅಂತೀರಾ?’ ಅಂತ ಕೇಳಬಹುದು. ಬೇಕು. ಯುರೋಪಿನಲ್ಲಿ ದೊಡ್ಡ ದಂಡಗಳು ಬಂದ ಮೇಲೆ ಕಂಪನಿಗಳ ಒಳಗೆ ಪ್ರೈವೆಸಿ ಅಂತ ಒಂದು ವಿಭಾಗ, ಅದಕ್ಕೊಂದು ಬಜೆಟ್ಟು, ‘ಇದನ್ನ ಮಾಡಬೇಡಿ’ ಅಂತ ಹೇಳೋಕೆ ಒಂದು ಕುರ್ಚಿ ಬಂತು. ಸಣ್ಣ ಕಂಪನಿಗಳು ನಿಜಕ್ಕೂ ಹೆದರುತ್ತವೆ. ಆದರೆ 2023ರ ಮೇನಲ್ಲಿ ಐರ್ಲೆಂಡ್ ಮೆಟಾಗೆ ಹಾಕಿದ 120 ಕೋಟಿ ಯೂರೋ ದಂಡವನ್ನೇ ತಗೊಳ್ಳಿ. ಅದರ ಜೊತೆಗೂ ಅಮೆರಿಕಕ್ಕೆ ಮಾಹಿತಿ ಸಾಗಿಸೋದನ್ನ ನಿಲ್ಲಿಸಿ ಅನ್ನೋ ಆದೇಶ ಇತ್ತು. ದಂಡದ ಜೊತೆ ಏನು ಕಟ್ಟಿರ್ತಾರೆ ಅನ್ನೋದೇ ಮುಖ್ಯ.

ಏನು ಕಟ್ಟಬಹುದು ಅನ್ನೋದಕ್ಕೆ ಎರಡು ಮಾದರಿ ಹೇಳ್ತೀನಿ. ಒಂದು, ಜನರ ಕೈಗೆ ಹಕ್ಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2008ರ ಒಂದು ಕಾನೂನು ಇದೆ. ಮುಖ, ಹೆಬ್ಬೆಟ್ಟಿನಂಥ ಗುರುತನ್ನ ಒಪ್ಪಿಗೆ ಇಲ್ಲದೆ ತಗೊಂಡರೆ, ಒಂದೊಂದು ಉಲ್ಲಂಘನೆಗೂ 1,000ದಿಂದ 5,000 ಡಾಲರ್ ಕೇಳಿ ಸಾಮಾನ್ಯ ವ್ಯಕ್ತಿಯೇ ಕೋರ್ಟಿಗೆ ಹೋಗಬಹುದು. ಫೋಟೊಗಳಲ್ಲಿ ಮುಖ ಗುರುತಿಸೋ ಫೀಚರ್‌ಗಾಗಿ ಫೇಸ್‌ಬುಕ್ ಅಲ್ಲಿ 65 ಕೋಟಿ ಡಾಲರ್ ಕೊಟ್ಟು ರಾಜಿಯಾಯ್ತು. ಕ್ಲೇಮ್ ಮಾಡಿದವರ ಕೈಗೆ ತಲಾ ಸುಮಾರು 400 ಡಾಲರ್ ಬಂತು. 2021ರ ನವೆಂಬರ್‌ನಲ್ಲಿ ಫೇಸ್‌ಬುಕ್ ಆ ವ್ಯವಸ್ಥೆಯನ್ನೇ ಮುಚ್ಚಿ 100 ಕೋಟಿಗೂ ಹೆಚ್ಚು ಜನರ ಮುಖದ ಅಚ್ಚುಗಳನ್ನ ಅಳಿಸೋದಾಗಿ ಹೇಳಿತು. ಕಾರಣ ಇದೊಂದೇ ಅಂತ ಹೇಳೋಕಾಗಲ್ಲ. ಆದರೆ ಎಂಟು ಪಟ್ಟು ದೊಡ್ಡದಾಗಿದ್ದ 500 ಕೋಟಿ ಡಾಲರ್ ದಂಡ ಬಂದಾಗ ಆ ವ್ಯವಸ್ಥೆ ಮುಚ್ಚಿರಲಿಲ್ಲ. ತಲೆಗಿಷ್ಟು ಅಂತ ಲೆಕ್ಕ ಶುರುವಾದ್ರೆ ಬಳಕೆದಾರರು ಹೆಚ್ಚಾದಷ್ಟೂ ಭಯ ಹೆಚ್ಚು.

ಎರಡು, ಮೇದದ್ದನ್ನ ಕಕ್ಕಿಸೋದು. 2021ರಲ್ಲಿ ಅದೇ ಅಮೆರಿಕದ ಟ್ರೇಡ್ ಕಮಿಷನ್ ಎವರ್‌ಆಲ್ಬಮ್ ಅನ್ನೋ ಫೋಟೊ ಆ್ಯಪ್‌ನ ಕೇಸಿನಲ್ಲಿ ಫೋಟೊಗಳನ್ನಷ್ಟೇ ಅಲ್ಲ, ಆ ಫೋಟೊಗಳಿಂದ ಕಲಿತ ಅಲ್ಗಾರಿದಂಗಳನ್ನೂ ಅಳಿಸಬೇಕು ಅಂದಿತು. ಎಐ ಕಾಲದಲ್ಲಿ ಇದಕ್ಕಿಂತ ಖಾರವಾದ ಶಿಕ್ಷೆ ಇಲ್ಲ. ಮಾಡೆಲ್ ಹೋದ್ರೆ ವರ್ಷಗಳ ಕೆಲಸ ಹೋಯ್ತು.

ನಮ್ಮ ಕಾಯ್ದೆಯಲ್ಲಿ ಕೊಂಡವಾಡ ಇಲ್ಲವೇ ಇಲ್ಲ ಅಂತಲ್ಲ. ಎರಡು ಅಥವಾ ಹೆಚ್ಚು ಸಲ ದಂಡ ಬಿದ್ದ ಸಂಸ್ಥೆಯ ಸೇವೆಯನ್ನ ಬ್ಲಾಕ್ ಮಾಡೋಕೆ 37ನೇ ಕಲಂ ದಾರಿ ಕೊಡುತ್ತೆ. ಆದರೆ ಕೀಲಿ ಕೇಂದ್ರ ಸರ್ಕಾರದ ಜೇಬಲ್ಲಿ. ಹೊಲ ಕಳಕೊಂಡವನಿಗೆ ದನ ಹಿಡಿಯೋ ಹಕ್ಕಿಲ್ಲ. ಮೇಲಾಗಿ ಪೂರ್ತಿ ಬ್ಲಾಕ್ ಅನ್ನೋದು 50 ಕೋಟಿ ಜನ ಬಳಸೋ ಆ್ಯಪ್‌ಗೆ ಯಾವ ಸರ್ಕಾರವೂ ಸುಲಭವಾಗಿ ಮಾಡೋ ಕೆಲಸ ಅಲ್ಲ. ಬೇಕಾಗಿದ್ದದ್ದು ನಡುವಿನ ಮೆಟ್ಟಿಲು: ಆರು ತಿಂಗಳು ಹೊಸ ಗ್ರಾಹಕರು ಬೇಡ, ಈ ಮಾಹಿತಿ ಆ ಕೆಲಸಕ್ಕೆ ಬೇಡ, ಇಷ್ಟನ್ನ ಅಳಿಸಿ, ಇಷ್ಟು ಜನಕ್ಕೆ ಇಷ್ಟು ವಾಪಸ್ ಕೊಡಿ. 2017ರಲ್ಲಿ ಕೆಲಸ ಮಾಡಿದ್ದು ಇಂಥ ಮೆಟ್ಟಿಲೇ.

ಇದೇ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ 2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ರೈತರ ಜಮೀನು ತಗೊಳ್ಳೋಕೆ ಹೊರಟಾಗ ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ನೇತೃತ್ವದಲ್ಲಿ ಹೋರಾಟ ನಡೀತು, ಭೂಸ್ವಾಧೀನ ನಿಂತಿತು. ಆ ಕಂಪನಿಗೆ ಪರಿಹಾರದ ದುಡ್ಡಿಗೆ ಬರ ಇರಲಿಲ್ಲ. ಜನ ರೇಟು ಹೆಚ್ಚಿಸಿ ಅನ್ನಲಿಲ್ಲ, ಕೊಡಲ್ಲ ಅಂದ್ರು. ಆ ‘ಕೊಡಲ್ಲ’ಕ್ಕೆ ಬೆಲೆ ಬಂದದ್ದು ಜಮೀನು ಕಣ್ಣಿಗೆ ಕಾಣೋದ್ರಿಂದ, ಊರು ಒಟ್ಟಿಗೆ ನಿಂತದ್ದರಿಂದ. ಮಾಹಿತಿಯ ವಿಷಯದಲ್ಲಿ ಒಬ್ಬೊಬ್ಬರೂ ಒಂಟಿಯಾಗಿ, ಕೌಂಟರ್ ಮುಂದೆ, ಹಿಂದೆ ಸಾಲು ಇರುವಾಗ ಹೆಬ್ಬೆಟ್ಟು ಒತ್ತುತ್ತೀವಿ. ಕಾನೂನು ಇರಬೇಕಾದ್ದು ಆ ಒಂಟಿತನ ತುಂಬೋಕೆ.

ಕೊನೆಗೆ ಒಂದು ಮಾತು, ಇದನ್ನ ಓದ್ತಿರೋ ನಿಮಗೇ. ‘ಕಂಪನಿ’ ಅಂತ ಇಷ್ಟು ಹೊತ್ತು ಹೇಳಿದ್ದು ಎಲ್ಲೋ ದೂರದ ರಾಕ್ಷಸ ಅಲ್ಲ. ಒಂದೇ ಟಿಕ್‌ನಲ್ಲಿ ಎರಡು ಒಪ್ಪಿಗೆ ತಗೊಳ್ಳೋ ಸ್ಕ್ರೀನ್‌ನ ಯಾರೋ ಡಿಸೈನ್ ಮಾಡಿದ್ರು, ಯಾರೋ ಕೋಡ್ ಬರೆದ್ರು, ಯಾರೋ ಟೆಸ್ಟ್ ಮಾಡಿ ಪಾಸ್ ಮಾಡಿದ್ರು. ವೈಟ್‌ಫೀಲ್ಡಲ್ಲೋ ಗುರುಗ್ರಾಮದಲ್ಲೋ ಕೂತ ನಮ್ಮಂಥವರೇ. ಕಂಪನಿಗೆ ಬಿದ್ದ ದಂಡ ಆ ಟೇಬಲ್ ತನಕ ಬರೋದಿಲ್ಲ. ಆ ತಿಂಗಳ ಟಾರ್ಗೆಟ್ ಮುಟ್ಟಿದ್ದಕ್ಕೆ ಬೋನಸ್ ಮಾತ್ರ ಬರುತ್ತೆ. ಮುಂದಿನ ಸಲ ಇಂಥ ಫೀಚರ್ ಮೀಟಿಂಗಿಗೆ ಬಂದಾಗ ‘ಸಿಕ್ಕಿಬಿದ್ರೆ ದಂಡ ಎಷ್ಟು’ ಅನ್ನೋ ಲೆಕ್ಕವನ್ನ ಲೀಗಲ್ ಟೀಮ್ ಮಾಡಿಕೊಳ್ಳಲಿ. ನೀವು ಇನ್ನೊಂದು ಪ್ರಶ್ನೆ ಕೇಳಿ, ಅದನ್ನ ಮೀಟಿಂಗ್ ಮಿನಿಟ್ಸ್‌ನಲ್ಲಿ ಬರೆಸಿ: ಇದಕ್ಕೆ ಒಪ್ಪಿದವರಿಗೆ ತಾವು ಏನಕ್ಕೆ ಒಪ್ಪಿದ್ವಿ ಅಂತ ಗೊತ್ತಾ? ಗೊತ್ತಿಲ್ಲದಿದ್ರೆ, ಮುಂದೆಂದಾದರೂ ದನ ಯಾರದು ಅಂತ ಹುಡುಕೋವಾಗ ಆ ಒಂದು ಸಾಲು ಉಪಯೋಗಕ್ಕೆ ಬರುತ್ತೆ.